ಗಾಳಿಪಟದ ಊರಿನ ದಾರಿಯಲ್ಲಿ: ಹೊಸ ಸವಾರನ ರಕ್ಷಾಕವಚ

ನಾಸಿಕ ಜಿಲ್ಲೆಯ ಪೂರ್ವದ ಅಂಚಿನಲ್ಲಿ ಯೇವಲಾ ಎಂಬ ಪಟ್ಟಣವಿದೆ. 1857ರ ಸಂಗ್ರಾಮದ ವೀರ ತಾತ್ಯಾ ಟೋಪೆಯವರ ಜನ್ಮಸ್ಥಳವಿದು. ಡಾ. ಬಾಬಾಸಾಹೇಬ ಅಂಬೇಡ್ಕರರು 1935ರ ಅಕ್ಟೋಬರ್ 13ರಂದು ಧರ್ಮಾಂತರದ ನಿರ್ಧಾರವನ್ನು ಲೋಕಕ್ಕೆ ಸಾರಿದ್ದೂ ಇಲ್ಲಿಯೇ. ಪೈಠಣಿ ಸೀರೆಯ ನೆಯ್ಗೆಗಂತೂ ಈ ಊರು ದೇಶಾದ್ಯಂತ ಪ್ರಸಿದ್ಧ. ಇಲ್ಲಿಯ ಮಗ್ಗಗಳಿಗೆ ಬೇಕಾಗುವ ರೇಷ್ಮೆಯ ನೂಲು ಬೆಂಗಳೂರಿನ ಕಡೆಯಿಂದ ಬರುತ್ತದೆಂಬುದನ್ನು ನೆನೆದರೆ, ಕನ್ನಡ ನಾಡಿಗೂ ಈ ಊರಿಗೂ ನವಿರಾದ ಒಂದು ಎಳೆಯ ನಂಟಿದೆಯೆಂದು ಹೇಳಲು ಅಡ್ಡಿಯಿಲ್ಲ.

ಯೇವಲೆಗೆ ಇನ್ನೊಂದು ಖ್ಯಾತಿಯೂ ಉಂಟು. ಅದು ಮಕರ ಸಂಕ್ರಾಂತಿಯ ಗಾಳಿಪಟದ ಹಬ್ಬ. ಕನ್ನಡ ನಾಡಿನಲ್ಲಿ ಗಾಳಿಪಟವೆಂದರೆ ಆಷಾಢದ ಗಾಳಿ, ದೊಡ್ಡಬಳ್ಳಾಪುರದ ಬಯಲು ನೆನಪಾಗುತ್ತವೆ, ಸಂಕ್ರಾಂತಿಯೆಂದರೆ ಎಳ್ಳು-ಬೆಲ್ಲ. ಯೇವಲೆಯಲ್ಲಾದರೋ ಸಂಕ್ರಾಂತಿಯ ದಿನಗಳಲ್ಲಿ ಇಡೀ ಊರು ಮಾಳಿಗೆಯೇರಿ ನಿಲ್ಲುತ್ತದೆ. ‘ಆಸಾರಿ’ ಎಂದು ಕರೆಯುವ ದಾರದ ಉರುಳೆಯನ್ನು ಹಿಡಿದು, ವಾದ್ಯದ ಸದ್ದಿನ ನಡುವೆ, ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಪಟವನ್ನು ಏರಿಸುವವರೇ. ನೋಡುವುದಕ್ಕೆ ಬಲು ಸೊಗಸಾದ ನೋಟ.

ಆದರೆ ಪಟ ಕಡಿದು ಹಾರಿಹೋದ ಬಳಿಕ ಅದರ ದಾರ ಎಲ್ಲಿ ಬೀಳುತ್ತದೆ? ಮರದ ಕೊಂಬೆಗೆ, ವಿದ್ಯುತ್ತಿನ ತಂತಿಗೆ, ಕೆಲವೊಮ್ಮೆ ರಸ್ತೆಯ ಅಡ್ಡಕ್ಕೆ. ಹತ್ತಿಯ ದಾರವಾದರೆ ಎಳೆತಕ್ಕೆ ತುಂಡಾಗುತ್ತದೆ. ನೈಲಾನಿನ ಮಾಂಜಾ ತುಂಡಾಗುವುದಿಲ್ಲ, ತಾಗಿದ್ದನ್ನು ತುಂಡರಿಸುತ್ತದೆ. ವೇಗವಾಗಿ ಬರುವ ದ್ವಿಚಕ್ರವಾಹನದ ಸವಾರನ ಕಣ್ಣಿಗೆ ಅದು ಕಾಣುವುದೇ ಇಲ್ಲ. ಇಂಥ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರ ಜುಲೈ ತಿಂಗಳಲ್ಲಿ ದೇಶಾದ್ಯಂತ ನಿಷೇಧಿಸಿತು. ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠವು ಈ ವಿಷಯವನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಹೀಗಿದ್ದರೂ ಜನವರಿ ಬಂತೆಂದರೆ ಸವಾರರ ಕೊರಳು ಕೊಯ್ದ ಸುದ್ದಿ ಪತ್ರಿಕೆಗಳಲ್ಲಿ ಬರುವುದು ನಿಂತಿಲ್ಲ.

ಇದು ದೂರದ ಒಂದು ಊರಿನ ವಿಚಾರವೆಂದು ಮುಂಬಯಿ, ಪುಣೆಗಳ ಕನ್ನಡಿಗರು ತಳ್ಳಿಹಾಕುವಂತಿಲ್ಲ. ಯೇವಲೆ ಎರಡು ಹೆದ್ದಾರಿಗಳು ಕೂಡುವ ಸ್ಥಳ. ನಾಸಿಕದಿಂದ ನಿಫಾಡ, ವೈಜಾಪುರಗಳ ಮಾರ್ಗವಾಗಿ ಛತ್ರಪತಿ ಸಂಭಾಜಿನಗರಕ್ಕೆ ಹೋಗುವ ರಸ್ತೆ ಒಂದು. ಮನಮಾಡದಿಂದ ಕೋಪರಗಾಂವ, ಶಿರ್ಡಿಗಳ ಮೇಲೆ ಅಹಿಲ್ಯಾನಗರಕ್ಕೆ ಹೋಗುವುದು ಇನ್ನೊಂದು. ಶಿರ್ಡಿಯ ಸಾಯಿಬಾಬಾ ಸನ್ನಿಧಿಗೆ, ವೇರೂಳದ ಕೈಲಾಸ ದೇವಾಲಯಕ್ಕೆ ಮೋಟಾರು ಸೈಕಲ್ಲಿನಲ್ಲಿ ಹೊರಡುವ ನಮ್ಮ ತರುಣರು ಈ ದಾರಿಗಳನ್ನೇ ತುಳಿಯುತ್ತಾರೆ. ಸಮೃದ್ಧಿ ಮಹಾಮಾರ್ಗದಲ್ಲಿ ದ್ವಿಚಕ್ರವಾಹನಗಳಿಗೆ ಪ್ರವೇಶವಿಲ್ಲ. ಆದುದರಿಂದ ಲಾಸಲಗಾಂವದ ಈರುಳ್ಳಿ ಪೇಟೆಗೆ ಹೊರಟ ಟ್ರಾಕ್ಟರುಗಳು, ಹಿಂದೀಪವಿಲ್ಲದ ಕಬ್ಬಿನ ಗಾಡಿಗಳು, ಭಾರದ ಲಾರಿಗಳು ಇವುಗಳ ನಡುವೆಯೇ ಅವರು ಸಾಗಬೇಕು.

ಮನೆಯ ಒಂದು ಚಿತ್ರ

ಮಹಾನಗರದ ಒಂದು ಕನ್ನಡ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ತಂದೆ ನಿವೃತ್ತರು, ಮಗನಿಗೆ ಹೊಸದಾಗಿ ಉದ್ಯೋಗ. ಮೊದಲ ವರ್ಷದ ಉಳಿತಾಯದಿಂದ ಅವನು ಮೋಟಾರು ಸೈಕಲ್ ಕೊಂಡಿದ್ದಾನೆ. ತಾಯಿ ಆರತಿ ಎತ್ತಿ, ಚಕ್ರದಡಿಗೆ ನಿಂಬೆಹಣ್ಣು ಇಟ್ಟು, ದೃಷ್ಟಿ ತೆಗೆದಿದ್ದಾರೆ. ವಾಹನಕ್ಕೆ ಹೊಳೆಯುವ ಕನ್ನಡಿ, ಸದ್ದು ಮಾಡುವ ಕೊಳವೆ, ಮೊಬೈಲು ಸಿಕ್ಕಿಸುವ ಕೊಂಡಿ ಎಲ್ಲವೂ ಬಂದಿವೆ. ಸವಾರನ ಮೈಗೆ ಮಾತ್ರ ಏನೂ ಬಂದಿಲ್ಲ. ಶಿರಸ್ತ್ರಾಣವೊಂದನ್ನು ರಸ್ತೆಯ ಬದಿಯ ರಾಶಿಯಿಂದ ಚೌಕಾಸಿ ಮಾಡಿ ತಂದದ್ದಾಗಿದೆ.

ಈ ಚಿತ್ರ ಎಷ್ಟು ಮನೆಗಳದ್ದಲ್ಲ? ಬಂಧುಬಳಗ ನೂರಾರು ಮೈಲಿ ದೂರದಲ್ಲಿರುವ ವಲಸಿಗ ಸಂಸಾರದಲ್ಲಿ ಗಳಿಸುವ ಒಬ್ಬನು ಹಾಸಿಗೆ ಹಿಡಿದರೆ ಆಸರೆಗೆ ಬರುವವರು ಕಡಿಮೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ 74,897 ಮಂದಿ ದ್ವಿಚಕ್ರವಾಹನದವರು. ಶಿರಸ್ತ್ರಾಣ ಧರಿಸದೆ ಸತ್ತವರು 50,029. ಇವರ ಪೈಕಿ 14,337 ಮಂದಿ ಹಿಂದೆ ಕುಳಿತವರು. ಈ ಅಂಕಿಗಳ ಹಿಂದೆ ಅಷ್ಟೇ ಸಂಖ್ಯೆಯ ಮನೆಗಳಿವೆ ಎಂಬುದನ್ನು ಮರೆಯಬಾರದು.

ತಲೆಯ ಕಾವಲು

ಶಿರಸ್ತ್ರಾಣದ ಮಹತ್ವವನ್ನು ವೈದ್ಯಲೋಕ ಅರಿತ ಬಗೆ ಒಂದು ಕಥೆಯಂತಿದೆ. 1935ರ ಮೇ ತಿಂಗಳಲ್ಲಿ, ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾದ ಟಿ. ಇ. ಲಾರೆನ್ಸ್ ಇಂಗ್ಲೆಂಡಿನ ಹಳ್ಳಿಯ ದಾರಿಯೊಂದರಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದರು. ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಹೋಗಿ ಆದ ಅಪಘಾತವದು. ತಲೆಗೆ ಕವಚವಿರಲಿಲ್ಲ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು ತೀರಿಕೊಂಡರು. ಅವರನ್ನು ನೋಡಲು ಬಂದಿದ್ದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯರೂ ಒಬ್ಬರು. ಉಳಿಸಬಹುದಾಗಿದ್ದ ಜೀವಗಳು ಹೀಗೆ ಹೋಗುತ್ತಿರುವುದನ್ನು ಕಂಡು ಅವರು ಸವಾರರ ತಲೆಗಾಯಗಳ ಅಧ್ಯಯನಕ್ಕೆ ತೊಡಗಿ, 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೇಖನವನ್ನು ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೈನ್ಯವು ತನ್ನ ಸವಾರರಿಗೆ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿತು. ಸಾಮಾನ್ಯ ಸವಾರರಿಗೆ ಅಲ್ಲಿ ಕಾನೂನು ಬಂದದ್ದು 1973ರಲ್ಲಿ.

ಶಿರಸ್ತ್ರಾಣ ತಲೆಯನ್ನು ಕಾಯುವುದು ಹೇಗೆ? ಹೊರಚಿಪ್ಪಿನ ಗಟ್ಟಿತನದಿಂದ ಎಂದೇ ಬಹುಮಂದಿ ತಿಳಿದಿದ್ದಾರೆ. ನಿಜವಾಗಿ ಹೆಚ್ಚಿನ ಕೆಲಸ ಮಾಡುವುದು ಒಳಗಿನ ಥರ್ಮೋಕೋಲಿನ ಪದರ. ಸರಳವಾದ ಲೆಕ್ಕವೊಂದನ್ನು ನೋಡಬಹುದು. ವಾಹನ ನಿಂತೇ ಇದ್ದು ಸವಾರನು ಪಕ್ಕಕ್ಕೆ ಉರುಳಿದರೂ ತಲೆ ಸುಮಾರು 1.5 ಮೀಟರ್ ಎತ್ತರದಿಂದ ಬೀಳುತ್ತದೆ. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 20 ಕಿಲೋಮೀಟರಿಗೆ ಸಮೀಪ. ಬರಿದಲೆ ಕಲ್ಲುನೆಲಕ್ಕೆ ಬಡಿದು 3 ಮಿಲಿಮೀಟರಿನೊಳಗೆ ನಿಂತಿತೆಂದರೆ ಮಿದುಳಿನ ಮೇಲೆ ಬೀಳುವ ಒತ್ತಡ ಗುರುತ್ವಾಕರ್ಷಣೆಯ 500 ಪಟ್ಟು. ಆ ಪದರವು ಕುಸಿಯುತ್ತ 25 ಮಿಲಿಮೀಟರುಗಳಲ್ಲಿ ತಲೆಯನ್ನು ನಿಲ್ಲಿಸಿದರೆ ಅದೇ ಒತ್ತಡ 60 ಪಟ್ಟಿಗೆ ಇಳಿಯುತ್ತದೆ. ಒಂದು ಬೆರಳಿನ ದಪ್ಪದ ಮೆತ್ತೆ ಬದುಕು-ಸಾವುಗಳ ನಡುವೆ ನಿಲ್ಲುವುದು ಹೀಗೆ. ಒಮ್ಮೆ ಕುಸಿದ ಪದರ ಮರಳಿ ಉಬ್ಬುವುದಿಲ್ಲ. ಆದುದರಿಂದ ದೊಡ್ಡ ಪೆಟ್ಟು ತಿಂದ ಶಿರಸ್ತ್ರಾಣವನ್ನು, ಹೊರಗೆ ಬಿರುಕು ಕಾಣದಿದ್ದರೂ, ಮತ್ತೆ ಧರಿಸಬಾರದು.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯು ಶಿರಸ್ತ್ರಾಣದಿಂದ ಸಾವಿನ ಸಂಭವ ಸುಮಾರು ಶೇಕಡ 42, ತಲೆಗಾಯದ ಸಂಭವ ಸುಮಾರು ಶೇಕಡ 69 ಕಡಿಮೆಯಾಗುತ್ತದೆಂದು ಕಂಡುಕೊಂಡಿತು. ಶಿರಸ್ತ್ರಾಣ ಕತ್ತನ್ನು ಮುರಿಯುತ್ತದೆಂಬ ಭಯಕ್ಕೆ ಸಾಕಷ್ಟು ಆಧಾರ ದೊರೆತಿಲ್ಲ. ಕೂದಲು ಉದುರುತ್ತದೆಂಬುದು ನಮ್ಮ ತರುಣರ ಇನ್ನೊಂದು ದೂರು. ಬೆವರು, ಕೊಳೆ ಸೇರಿದ ಒಳಬಟ್ಟೆಯಿಂದ ನೆತ್ತಿಗೆ ತುರಿಕೆ ಬರಬಹುದು. ಅದಕ್ಕೆ ಪರಿಹಾರ ತೆಳುವಾದ ಹತ್ತಿಯ ಟೊಪ್ಪಿಗೆ ಮತ್ತು ಒಳಬಟ್ಟೆಯನ್ನು ಆಗಾಗ್ಗೆ ಒಗೆಯುವುದೇ ಹೊರತು ಬರಿದಲೆಯಲ್ಲ.

ಕೊಳ್ಳುವಾಗ ಗಮನಿಸಬೇಕಾದ ಸಂಗತಿಗಳು ಇವು:

ಮೊದಲನೆಯದಾಗಿ, ಐಎಸ್‌ಐ ಮುದ್ರೆ. 2021ರ ಜೂನ್ 1ರಿಂದ ಭಾರತೀಯ ಮಾನಕ ಸಂಸ್ಥೆಯ ಈ ಮುದ್ರೆಯಿಲ್ಲದ ಶಿರಸ್ತ್ರಾಣಗಳನ್ನು ಮಾರುವುದು ಅಪರಾಧ. ಮುದ್ರೆಯ ಮೇಲ್ಗಡೆ ಐಎಸ್ 4151 ಎಂಬ ಸಂಖ್ಯೆ, ಕೆಳಗಡೆ ಸಿಎಂ/ಎಲ್ ಎಂದು ತೊಡಗುವ ಪರವಾನಗಿಯ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಮೊಬೈಲು ಆಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿ ಅದು ಅಸಲಿಯೋ ನಕಲಿಯೋ ಎಂದು ಅಂಗಡಿಯಲ್ಲಿಯೇ ನೋಡಬಹುದು. ಯೂರೋಪಿನ ಇಸಿಇ 22.06 ಮುದ್ರೆಯೂ ಜೊತೆಗಿದ್ದರೆ ಉತ್ತಮವೇ. ಆದರೆ ನಮ್ಮಲ್ಲಿ ಕಾನೂನು ಕೇಳುವುದು ಐಎಸ್‌ಐ ಮುದ್ರೆಯನ್ನು.

ಎರಡನೆಯದಾಗಿ, ಆಕಾರ. ಗದ್ದವನ್ನೂ ಮುಚ್ಚುವ ಪೂರ್ಣ ಮುಖದ ಶಿರಸ್ತ್ರಾಣವೇ ಶ್ರೇಷ್ಠ. ಬಿದ್ದಾಗ ನೆಲಕ್ಕೆ ತಾಗುವುದು ನೆತ್ತಿಯೊಂದೇ ಅಲ್ಲ; ಗದ್ದ, ದವಡೆಗಳೂ ತಾಗುತ್ತವೆ. ಕಟ್ಟಡದ ಕೆಲಸಗಾರರ ಟೊಪ್ಪಿ, ಅರ್ಧ ತಲೆಯ ಚಿಪ್ಪು ಇವು ಪೋಲೀಸರ ಕಣ್ಣಿಗೆ ಮಣ್ಣೆರಚಲು ಸಾಲಬಹುದು, ಡಾಂಬರಿನ ಕಣ್ಣಿಗಲ್ಲ.

ಮೂರನೆಯದಾಗಿ, ಅಳತೆ. ಹುಬ್ಬಿನ ಮೇಲೆ ಸುಮಾರು ಒಂದು ಅಂಗುಲ ಬಿಟ್ಟು, ತಲೆಯ ಹಿಂಭಾಗದ ಉಬ್ಬಿನ ಮೇಲಿಂದ ಅಳತೆಯ ಟೇಪು ಸುತ್ತಿ ಸೆಂಟಿಮೀಟರಿನಲ್ಲಿ ಗುರುತಿಸಿಕೊಳ್ಳಬೇಕು. ಹಾಕಿಕೊಂಡಾಗ ಕೆನ್ನೆ ಒತ್ತಿದಂತಿರಬೇಕು; ಹಣೆ ನೋಯಬಾರದು. ತಲೆ ಅಲ್ಲಾಡಿಸಿದರೆ ಶಿರಸ್ತ್ರಾಣವೂ ತಲೆಯೊಡನೆಯೇ ತಿರುಗಬೇಕು. ಪಟ್ಟಿಯನ್ನು ಬಿಗಿದ ಬಳಿಕ ಹಿಂದಿನಿಂದ ಎತ್ತಿ ಮುಂದಕ್ಕೆ ಉರುಳಿಸಲು ಯತ್ನಿಸಬೇಕು. ಕಳಚಿ ಬಂದರೆ ಅದು ಆ ತಲೆಗೆ ಸಲ್ಲದು. ಪಟ್ಟಿಗೂ ಗದ್ದಕ್ಕೂ ನಡುವೆ ಎರಡು ಬೆರಳು ಹಿಡಿಸುವಷ್ಟೇ ಸಡಿಲವಿರಲಿ. ಪಟ್ಟಿ ಬಿಗಿಯದ ಶಿರಸ್ತ್ರಾಣ ಅಪಘಾತದಲ್ಲಿ ಸವಾರನಿಗಿಂತ ಮೊದಲೇ ಹಾರಿಹೋಗುತ್ತದೆ.

ನಾಲ್ಕನೆಯದಾಗಿ, ಮುಂಗಾಜು. ಕಪ್ಪು ಗಾಜು ಹಗಲಿಗೆ ಮಾತ್ರ. ರಾತ್ರಿಯ ಪಯಣಕ್ಕೆ ಸ್ವಚ್ಛವಾದ ಗಾಜೇ ಬೇಕು. ಗೀರುಬಿದ್ದ ಗಾಜು ಎದುರಿನ ದೀಪವನ್ನು ನೂರಾಗಿ ಒಡೆದು ತೋರಿಸುತ್ತದೆ. ಪೆಟ್ರೋಲು, ಥಿನ್ನರುಗಳಿಂದ ಶಿರಸ್ತ್ರಾಣವನ್ನು ಒರೆಸಬಾರದು. ಅವು ಚಿಪ್ಪನ್ನೂ ಒಳಪದರವನ್ನೂ ತಿನ್ನುತ್ತವೆ. ಸೋಪು, ನೀರು ಸಾಕು.

ಕೊರಳಿನ ಕಾವಲು

ಮತ್ತೆ ಯೇವಲೆಯ ದಾರಕ್ಕೆ ಬರೋಣ. ಕೊರಳಿನಲ್ಲಿ ಮಿದುಳಿಗೆ ನೆತ್ತರು ಒಯ್ಯುವ ಅಪಧಮನಿಗಳು, ನೆತ್ತರು ಮರಳಿ ತರುವ ಅಭಿಧಮನಿಗಳು, ಶ್ವಾಸನಾಳ ಇವೆಲ್ಲವೂ ಚರ್ಮದಿಂದ ಹೆಚ್ಚು ಆಳದಲ್ಲಿಲ್ಲ. ಎಲುಬಿನ ಪಂಜರ ಎದೆಗಿರುವಂತೆ ಕೊರಳಿನ ಮುಂಭಾಗಕ್ಕಿಲ್ಲ. ಆದುದರಿಂದಲೇ ತೆಳ್ಳನೆಯ ದಾರ ಅಲ್ಲಿ ಅಷ್ಟು ಘೋರವಾಗುತ್ತದೆ.

ಸಂಕ್ರಾಂತಿಯ ಹಿಂದುಮುಂದಿನ ವಾರಗಳಲ್ಲಿ ಸವಾರನು ಕೊರಳನ್ನು ಬರಿದಾಗಿ ಬಿಡಬಾರದು. ಅರಾಮಿಡ್ ಎಂಬ ಗಟ್ಟಿ ನಾರಿನಿಂದ ನೆಯ್ದ, ಸುಲಭವಾಗಿ ಕೊಯ್ಯಲಾಗದ ಕೊರಳಪಟ್ಟಿ ದೊರೆತರೆ ಅದೇ ಉತ್ತಮ. ಇಲ್ಲವಾದರೆ ದಪ್ಪ ಬಟ್ಟೆಯನ್ನು ಎರಡು ಮೂರು ಸುತ್ತು ಸುತ್ತಿ, ತುದಿಗಳನ್ನು ಮೇಲಂಗಿಯೊಳಗೆ ತುರುಕಿ, ಕಾಲರನ್ನು ಮುಚ್ಚಬೇಕು. ಇದು ಪೂರ್ಣ ರಕ್ಷಣೆಯಲ್ಲ. ಆದರೆ ದಾರ ಚರ್ಮಕ್ಕೆ ತಾಗುವ ಮೊದಲು ವಾಹನ ನಿಲ್ಲಿಸಲು ಒಂದೆರಡು ಕ್ಷಣಗಳನ್ನು ಕೊಡುತ್ತದೆ. ಗುಜರಾತದ ಪಟ್ಟಣಗಳಲ್ಲಿ ಉತ್ತರಾಯಣದ ಹಬ್ಬ ಬಂತೆಂದರೆ ಹ್ಯಾಂಡಲಿನ ಎರಡು ತುದಿಗಳಿಗೆ ಕಮಾನಿನಂತೆ ಬಾಗಿದ ತೆಳು ಸರಳನ್ನು ಕಟ್ಟುತ್ತಾರೆ. ದಾರ ಮೊದಲು ಆ ಸರಳಿಗೆ ತಾಗಿ ಮೇಲಕ್ಕೆ ಜಾರುತ್ತದೆ. ಅಗ್ಗದ, ಅನುಕರಣೀಯ ಉಪಾಯವಿದು. ಇವೆಲ್ಲಕ್ಕಿಂತ ಮಿಗಿಲಾದ ರಕ್ಷಣೆ ವೇಗವನ್ನು ತಗ್ಗಿಸುವುದು. ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ಹೋಗುವುದಂತೂ ಈ ದಿನಗಳಲ್ಲಿ ಕೂಡದು; ದಾರ ಮೊದಲು ತಾಗುವುದು ಅವರಿಗೇ.

ಮೈ, ಕೈ, ಕಾಲು

ಬೀಳುವವನು ಮೊದಲು ಮಾಡುವುದೇನು? ಕೈ ಊರುತ್ತಾನೆ. ಇದು ಶೈಶವದಿಂದ ಬಂದ ಸ್ವಭಾವ, ತಡೆಯುವುದು ಸಾಧ್ಯವಿಲ್ಲ. ಆದುದರಿಂದ ಶಿರಸ್ತ್ರಾಣದ ಬಳಿಕ ಸ್ಥಾನ ಕೈಗವಸಿನದು. ಅಂಗೈಯ ಬುಡದಲ್ಲಿ ಜಾರುವ ಗಟ್ಟಿ ತುಣುಕು, ಬೆರಳ ಗೆಣ್ಣುಗಳ ಮೇಲೆ ಕವಚ, ಮಣಿಕಟ್ಟಿಗೆ ಬಿಗಿಯುವ ಪಟ್ಟಿ ಇರಬೇಕು. ಬೆರಳ ತುದಿ ತೆರೆದ ಕೈಗವಸು ಶೋಕಿಗೆ ಮಾತ್ರ.

ಕಾಲಿಗೆ ಚಪ್ಪಲಿ ಸಲ್ಲದು. ಹರಡನ್ನು ಮುಚ್ಚುವ ಗಟ್ಟಿ ಬೂಟು ಬೇಕು; ಲೇಸು ಇದ್ದರೆ ತುದಿಯನ್ನು ಒಳಗೆ ಸೇರಿಸಬೇಕು, ಗೇರಿನ ಕಡ್ಡಿಗೆ ಸಿಕ್ಕದಂತೆ.

ಮೈಗೆ ಎಂಥ ಬಟ್ಟೆ? ಪೈಠಣಿಯ ನೇಕಾರನಿಗೆ ನೂಲಿನ ಗುಣ ತಿಳಿದಿರುವಂತೆ ಸವಾರನಿಗೂ ತಿಳಿದಿರಬೇಕು. ಡಾಂಬರಿನ ಮೇಲೆ ಉಜ್ಜಿದ ಸಾದಾ ಹತ್ತಿಯ ಬಟ್ಟೆ ಕ್ಷಣಮಾತ್ರದಲ್ಲಿ ಹರಿದುಹೋಗುತ್ತದೆ. ದಪ್ಪ ಜೀನ್ಸ್ ಕೂಡ ಹೆಚ್ಚು ಹೊತ್ತು ತಡೆಯದು. ತೆಳುವಾದ ಪಾಲಿಯೆಸ್ಟರ್, ನೈಲಾನು ಅಂಗಿಗಳು ಉಜ್ಜಿದ ಬಿಸಿಗೆ ಕರಗಿ ಗಾಯಕ್ಕೆ ಅಂಟಿಕೊಳ್ಳುತ್ತವೆ. ಒಳ್ಳೆಯ ಚರ್ಮ, ಅರಾಮಿಡ್ ಸೇರಿಸಿದ ನೆಯ್ಗೆ, ಸವಾರಿಗೆಂದೇ ಮಾಡಿದ ದಪ್ಪ ನೈಲಾನು ಇವು ತಾಳುತ್ತವೆ. ಹೊಲಿಗೆಯನ್ನೂ ನೋಡಬೇಕು. ಬಟ್ಟೆ ಉಳಿದು ಹೊಲಿಗೆ ಬಿಚ್ಚಿದರೆ ಫಲವೇನು?

ಭುಜ, ಮೊಣಕೈ, ಮೊಣಕಾಲು, ಬೆನ್ನುಗಳಲ್ಲಿ ಪೆಟ್ಟನ್ನು ಹೀರುವ ಮೆತ್ತೆಗಳಿರಬೇಕು. ಇವುಗಳಿಗೆ ಯೂರೋಪಿನ ಇಎನ್ 1621 ಎಂಬ ಮಾನಕವಿದ್ದು, ‘ಮಟ್ಟ 1’, ‘ಮಟ್ಟ 2’ ಎಂದು ಗುರುತಿರುತ್ತದೆ. ಎರಡನೆಯದು ಹೆಚ್ಚು ರಕ್ಷಕ. ಉಡುಪಿಗೆ ಇಎನ್ 17092 ಎಂಬ ಮಾನಕ. ಅದರಲ್ಲಿ ಎಎಎ ಎಂಬುದು ಎಲ್ಲಕ್ಕಿಂತ ಮೇಲಿನ ದರ್ಜೆ. ನಂತರ ಎಎ, ಎ. ಅಂಗಡಿಯಲ್ಲಿ ಮೆತ್ತೆಯ ಜೇಬಿನಲ್ಲಿ ಬರಿಯ ಸ್ಪಂಜಿನ ತುಂಡು ಇದ್ದರೆ ಅದನ್ನು ಕವಚವೆಂದು ನಂಬಬಾರದು. ಹೊರತೆಗೆದು ಮುದ್ರೆಯನ್ನು ನೋಡಬೇಕು. ತೊಟ್ಟು, ವಾಹನದ ಮೇಲೆ ಕುಳಿತು, ಕೈಚಾಚಿ ನೋಡಬೇಕು. ಮೆತ್ತೆ ಮೊಣಕೈಯಿಂದ ಜಾರಿದರೆ ಅಳತೆ ತಪ್ಪಿದೆ ಎಂದರ್ಥ.

ಈ ಉಡುಪುಗಳಿಂದ ಪ್ರಯೋಜನವುಂಟೆ? ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಅಪಘಾತಕ್ಕೀಡಾದ 212 ಸವಾರರನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸವಾರಿಯ ಮೇಲಂಗಿ, ಷರಾಯಿ, ಕೈಗವಸು ಧರಿಸಿದವರು ಆಸ್ಪತ್ರೆಗೆ ಸೇರಬೇಕಾದ ಸಂಭವ ಗಮನಾರ್ಹವಾಗಿ ಕಡಿಮೆಯಿದ್ದುದು ಕಂಡುಬಂದಿತು. ಅದೇ ಅಧ್ಯಯನ ಒಂದು ಎಚ್ಚರಿಕೆಯನ್ನೂ ಕೊಟ್ಟಿತು: ಅಪಘಾತದಲ್ಲಿ ನೆಲಕ್ಕುಜ್ಜಿದ ಉಡುಪುಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನವು ಹರಿದೋ ತೂತಾಗಿಯೋ ಕೈಕೊಟ್ಟಿದ್ದವು. ಹೆಸರು ನೋಡಿ ಕೊಳ್ಳದೆ ಗುಣ ನೋಡಿ ಕೊಳ್ಳಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಿಂದೆ ಕುಳಿತವರು

ಮೋಟಾರು ವಾಹನ ಕಾಯಿದೆಯ 129ನೆಯ ವಿಧಿಯಂತೆ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ, ಮುಂದಿನವರಾಗಲಿ ಹಿಂದಿನವರಾಗಲಿ, ಶಿರಸ್ತ್ರಾಣ ಧರಿಸಬೇಕು. ಪೇಟ ಧರಿಸಿದ ಸಿಖ್ಖರಿಗೆ ಮಾತ್ರ ವಿನಾಯಿತಿ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ ಈ ನಿಯಮವನ್ನು 2016ರ ಜನವರಿಯಿಂದಲೇ ಜಾರಿಗೆ ತರಲಾಯಿತು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಅಳತೆಯ ಶಿರಸ್ತ್ರಾಣ, ಸವಾರನಿಗೆ ಮಗುವನ್ನು ಬಿಗಿಯುವ ಪಟ್ಟಿ, ಗಂಟೆಗೆ 40 ಕಿಲೋಮೀಟರಿನ ವೇಗದ ಮಿತಿ ಇವು 2023ರ ಫೆಬ್ರುವರಿಯಿಂದ ಕಡ್ಡಾಯ.

ನಮ್ಮ ಗೃಹಿಣಿಯರ ಸೀರೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಸಡಿಲವಾದ ಸೆರಗು, ಚೂಡಿದಾರದ ದುಪಟ್ಟ ಹಿಂಚಕ್ರಕ್ಕೋ ಸರಪಳಿಗೋ ಸಿಕ್ಕಿದರೆ ಕೊರಳಿಗೇ ಉರುಳಾಗುತ್ತದೆ. ಹಿಂಚಕ್ರದ ಅರ್ಧಕ್ಕಾದರೂ ರಕ್ಷಣೆಯ ಜಾಲರಿ ಇರಬೇಕೆಂದು ಮೋಟಾರು ವಾಹನ ನಿಯಮಗಳಲ್ಲಿಯೇ ಇದೆ. ಚೆಲುವಿಗೆ ಅಡ್ಡಿಯೆಂದು ತರುಣರು ಮೊದಲು ಬಿಚ್ಚಿಸುವುದು ಇದನ್ನೇ! ಯೇವಲೆಯ ಮಗ್ಗದಲ್ಲಿ ತಿಂಗಳುಗಟ್ಟಲೆ ನೆಯ್ದ ಸೆರಗಾಗಲಿ, ಮೈಸೂರು ರೇಷ್ಮೆಯ ಸೆರಗಾಗಲಿ, ವಾಹನವೇರುವ ಮುನ್ನ ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಳ್ಳುವುದು ಅಗತ್ಯ.

ಬಿಸಿಲು ಮತ್ತು ಮಳೆ

ಇಷ್ಟೆಲ್ಲ ತೊಟ್ಟರೆ ಸೆಕೆಯಾಗದೆ? ಆಗುತ್ತದೆ. ಯೇವಲೆಯ ಬಯಲಿನ ವೈಶಾಖ ಕಡುಬಿಸಿಲು. ಮುಂಬಯಿಯದು ಬೆವರಿನ ಸೆಕೆ. ಬೇಸಗೆಗೆ ಗಾಳಿಯಾಡುವ ಜಾಲರಿಯ ಮೇಲಂಗಿಗಳಿವೆ. ಗಂಟೆಗೊಮ್ಮೆ ನೆರಳಿನಲ್ಲಿ ನಿಂತು ನೀರು, ಮಜ್ಜಿಗೆ ಕುಡಿಯಬೇಕು. ತಲೆಸುತ್ತು, ವಾಕರಿಕೆ ಬಂದರೆ ಪಯಣವನ್ನು ನಿಲ್ಲಿಸಲೇಬೇಕು. ಮಳೆಗಾಲಕ್ಕೆ ಅಂಗಿ-ಷರಾಯಿಗಳೆರಡೂ ಇರುವ ಮಳೆಯುಡುಪು ಬೇಕು. ಗಾಳಿಗೆ ಹಾರಾಡುವ ಪ್ಲಾಸ್ಟಿಕ್ ಹೊದಿಕೆ ಚಕ್ರಕ್ಕೆ ಸಿಕ್ಕೀತು. ಬಣ್ಣ ತಿಳಿಯಾಗಿರಲಿ; ಬೆನ್ನಿಗೆ ಬೆಳಕನ್ನು ಪ್ರತಿಫಲಿಸುವ ಪಟ್ಟಿಯಿರಲಿ.

ಹಣ ಸ್ವಲ್ಪವಿದ್ದರೆ?

ಎಲ್ಲವನ್ನೂ ಒಮ್ಮೆಗೇ ಕೊಳ್ಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಆಗ ಕ್ರಮ ಹೀಗಿರಲಿ: ಮೊದಲು ಪೂರ್ಣ ಮುಖದ ಶಿರಸ್ತ್ರಾಣ, ಹಿಂದೆ ಕೂರುವವರಿಗೂ ಒಂದು, ಆಮೇಲೆ ಕೈಗವಸು, ಬಳಿಕ ಬೂಟು, ಅನಂತರ ಮೆತ್ತೆಯುಳ್ಳ ಮೇಲಂಗಿ, ಕೊನೆಗೆ ಷರಾಯಿ. ಕೊರಳಪಟ್ಟಿಗೆ ಹೆಚ್ಚು ಖರ್ಚಿಲ್ಲ; ಅದು ಪುಷ್ಯಮಾಸಕ್ಕೆ ಮೊದಲೇ ಮನೆಯಲ್ಲಿರಲಿ. ವಾಹನದ ಬೆಲೆಯನ್ನು ಲೆಕ್ಕಹಾಕುವಾಗಲೇ ಇವುಗಳ ಬೆಲೆಯನ್ನೂ ಕೂಡಿಸಿಕೊಂಡರೆ ಭಾರವೆನಿಸದು. ಬೇರೊಬ್ಬರು ಬಳಸಿದ ಶಿರಸ್ತ್ರಾಣವನ್ನು ಮಾತ್ರ ಕೊಳ್ಳಬಾರದು. ಅದು ತಿಂದ ಪೆಟ್ಟು ಕಾಣುವುದಿಲ್ಲ.

ಅವಘಡ ನಡೆದಾಗ

ಗಾಯಾಳುವಿನ ಶಿರಸ್ತ್ರಾಣವನ್ನು ಅವಸರದಿಂದ ಕೀಳಬಾರದು. ಕತ್ತಿನ ಎಲುಬು ಮುರಿದಿದ್ದರೆ ಆ ಎಳೆತದಿಂದ ಕೈಕಾಲು ಸ್ವಾಧೀನ ತಪ್ಪಬಹುದು. ಮುಂಗಾಜನ್ನು ಎತ್ತಿ ಉಸಿರಾಟವನ್ನು ನೋಡಬೇಕು. ಉಸಿರು ನಿಂತಿದ್ದರೆ ಮಾತ್ರ, ಒಬ್ಬರು ಕತ್ತನ್ನು ಆನಿಸಿ ಹಿಡಿದು, ಇನ್ನೊಬ್ಬರು ಮೆಲ್ಲನೆ ತೆಗೆಯಬೇಕು. ಕೊರಳು ಕೊಯ್ದು ನೆತ್ತರು ಹರಿಯುತ್ತಿದ್ದರೆ ಶುದ್ಧವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಗಟ್ಟಿಯಾಗಿ, ಬಿಡದೆ ಒತ್ತಿ ಹಿಡಿಯಬೇಕು. ಕೊರಳ ಸುತ್ತ ಬಿಗಿದು ಕಟ್ಟಬಾರದು. ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ 108ಕ್ಕೆ ದೂರವಾಣಿ ಮಾಡಿದರೆ ಆಂಬುಲೆನ್ಸ್ ಬರುತ್ತದೆ; ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033. ನೆರವಾದವರಿಗೆ ಪೋಲೀಸು, ಕೋರ್ಟುಗಳ ಕಾಟವಿರಬಾರದೆಂದು 2019ರ ತಿದ್ದುಪಡಿ ರಕ್ಷಣೆ ಕೊಟ್ಟಿದೆ. ಆದುದರಿಂದ ನೋಡಿಯೂ ನೋಡದಂತೆ ಸಾಗಿಹೋಗಲು ಈಗ ನೆಪವಿಲ್ಲ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ದೃಷ್ಟಿ ತೆಗೆದ ತಾಯಿಯ ನಿಂಬೆಹಣ್ಣಿನಲ್ಲಿ ಇರುವುದು ಮಗ ಕ್ಷೇಮವಾಗಿ ಮರಳಲಿ ಎಂಬ ಹಾರೈಕೆಯಲ್ಲದೆ ಮತ್ತೇನು? ಆ ಹಾರೈಕೆಗೆ ಮಗನೂ ತನ್ನ ಪಾಲನ್ನು ಸಲ್ಲಿಸಬೇಕಷ್ಟೆ. ಮುಂದಿನ ಸಂಕ್ರಾಂತಿಗೆ ಯೇವಲೆಯ ಬಾನಿನಲ್ಲಿ ಪಟಗಳು ಎತ್ತರಕ್ಕೆ ಹಾರಲಿ. ಅವುಗಳ ಕೆಳಗೆ ಸಾಗುವ ಕನ್ನಡದ ತರುಣ ತರುಣಿಯರು ಪಟ್ಟಿ ಬಿಗಿದು, ಕೊರಳು ಮುಚ್ಚಿ, ನಿಧಾನವಾಗಿ ಸಾಗಿ, ಮನೆಯಲ್ಲಿ ಕಾದಿರುವ ಎಳ್ಳು-ಬೆಲ್ಲಕ್ಕೆ ಸುಖವಾಗಿ ಬಂದು ಸೇರಲಿ.